ಹೆಸರು ತೆಗೆದರೂ ಗುರುತು ಉಳಿದದ್ದು ಹೇಗೆ?

(ಕನ್ನಡ ಯುವಜನರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನಿಮ್ಮ ಪರ್ಸಿನಲ್ಲಿ ಬ್ಯಾಂಕಿನ ಕಾರ್ಡು ಇದ್ದರೆ ಒಮ್ಮೆ ತೆಗೆದು ನೋಡಿ. ನಿಮ್ಮಲ್ಲಿ ಹಲವರ ಕಾರ್ಡಿನ ಮೂಲೆಯಲ್ಲಿ ಎರಡು ವೃತ್ತಗಳಿರುತ್ತವೆ. ಎಡಕ್ಕೆ ಕೆಂಪು, ಬಲಕ್ಕೆ ಹಳದಿ, ಒಂದರ ಮೇಲೊಂದು ಬಿದ್ದ ಜಾಗದಲ್ಲಿ ಕಿತ್ತಳೆ. ಇದು ಯಾವ ಕಂಪನಿ ಎಂದು ಕೇಳಿದರೆ ಓದು ಬಾರದವರೂ ಹೇಳಿಬಿಡುತ್ತಾರೆ, ಮಾಸ್ಟರ್‌ಕಾರ್ಡ್ ಎಂದು. ಆ ವೃತ್ತಗಳ ಜೊತೆ ಕಂಪನಿಯ ಹೆಸರು ಇದೆಯೇ ಇಲ್ಲವೇ ಎಂದು ಕೇಳಿ ನೋಡಿ, ಅರ್ಧ ಜನ ತಡವರಿಸುತ್ತಾರೆ! 2019ರ ಜನವರಿಯಲ್ಲಿ ಆ ಕಂಪನಿ ತನ್ನ ಗುರುತಿನಿಂದ ತನ್ನ ಹೆಸರನ್ನೇ ಕಿತ್ತುಹಾಕಿತು. ಇನ್ನು ಮುಂದೆ ನಮ್ಮ ಗುರುತಿಗೆ ಅಕ್ಷರ ಬೇಕಿಲ್ಲ, ಎರಡು ವೃತ್ತ ಸಾಕು ಎಂದು ಸಾರಿತು. ಎಂಥ ಧೈರ್ಯ ನೋಡಿ. ನಾವಿಲ್ಲಿ ಬೋರ್ಡಿನಲ್ಲಿ ಹೆಸರು ಬರೆಸುವುದಕ್ಕೆ ಹೋರಾಡುತ್ತಿದ್ದೇವೆ, ಅಲ್ಲೊಬ್ಬ ತನ್ನ ಹೆಸರನ್ನು ತಾನೇ ಅಳಿಸಿಕೊಂಡು ಮೊದಲಿಗಿಂತ ದೊಡ್ಡವನಾಗಿದ್ದಾನೆ.

ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಹೇಳಲು ನಾನು ಬಂದಿದ್ದೇನೆ. ನಾನು ಪಿಯುಸಿವರೆಗೆ ಓದಿದವನು. ಡಿಸೈನ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಇಪ್ಪತ್ತೈದು ವರ್ಷಗಳಿಂದ ಬೇರೆಯವರ ಹೆಸರನ್ನು, ಬೇರೆಯವರ ಲಾಂಛನವನ್ನು ಕಾಗದದ ಮೇಲೆ ಅಚ್ಚು ಹಾಕಿ ಹೊಟ್ಟೆ ಹೊರೆದಿದ್ದೇನೆ. ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಲಗ್ನಪತ್ರಿಕೆ, ಹ್ಯಾಂಡ್ ಬಿಲ್ಲು, ಅಗರಬತ್ತಿ ಡಬ್ಬಿ, ಎಲ್ಲವೂ. ಗುರುತು ಎಂಬುದು ಮೇಜಿನ ಮೇಲೆ ಹೇಗಿರುತ್ತದೆ, ಬೀದಿಗೆ ಬಿದ್ದ ಮೇಲೆ ಹೇಗಾಗುತ್ತದೆ ಎಂಬುದು ನಮ್ಮಂಥವರಿಗೆ ಗೊತ್ತಾಗುವಷ್ಟು ಕಂಪ್ಯೂಟರ್ ಮುಂದೆ ಕೂತವರಿಗೆ ಗೊತ್ತಾಗುವುದಿಲ್ಲ.

ಆ ಕಂಪನಿಯ ಕಥೆ ಶುರುವಾದದ್ದು ಅಮೆರಿಕದಲ್ಲಿ. 1966ರಲ್ಲಿ ಅಲ್ಲಿನ ಕೆಲವು ಬ್ಯಾಂಕುಗಳು ಒಂದು ಒಕ್ಕೂಟ ಕಟ್ಟಿಕೊಂಡವು. ಬ್ಯಾಂಕ್ ಆಫ್ ಅಮೆರಿಕಾ 1958ರಲ್ಲೇ ತನ್ನ ಕಾರ್ಡು ತಂದಿತ್ತು, ಅದೇ ಮುಂದೆ ವೀಸಾ ಆಯಿತು. ಅದಕ್ಕೆ ಎದುರಾಗಿ ನಿಲ್ಲಬೇಕಿತ್ತು. ಇವರ ಕಾರ್ಡಿನ ಆಗಿನ ಹೆಸರು ಮಾಸ್ಟರ್ ಚಾರ್ಜ್. 1968ರಲ್ಲಿ ಈ ಎರಡು ವೃತ್ತಗಳು ಬಂದವು, ಹೆಸರು ಅವುಗಳ ಮೇಲೆ ಅಡ್ಡಲಾಗಿ. 1979ರಲ್ಲಿ ಹೆಸರು ಬದಲಾಗಿ ಮಾಸ್ಟರ್‌ಕಾರ್ಡ್ ಆಯಿತು. ಗಮನಿಸಿ, ಹೆಸರು ಬದಲಾಯಿತು, ವೃತ್ತ ಬದಲಾಗಲಿಲ್ಲ. 1990ರ ದಶಕದಲ್ಲಿ ಎರಡು ವೃತ್ತಗಳು ಕೂಡುವ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡ ಗೆರೆಗಳು ಬಂದವು, ಬಣ್ಣ ಇನ್ನಷ್ಟು ಗಾಢವಾಯಿತು, ಅಕ್ಷರಕ್ಕೆ ನೆರಳು ಬಂತು. ಆಗಲೂ ಎಡಗಡೆ ಕೆಂಪೇ, ಬಲಗಡೆ ಹಳದಿಯೇ.

ನಡುವೆ 2006ರಲ್ಲಿ ಈ ಕಂಪನಿಗೂ ಒಮ್ಮೆ ಬುದ್ಧಿ ಕೆಟ್ಟಿತ್ತು. ಮಾಸ್ಟರ್‌ಕಾರ್ಡ್ ವರ್ಲ್ಡ್‌ವೈಡ್ ಎಂದು ಹೆಸರಿಟ್ಟುಕೊಂಡು ಎರಡು ವೃತ್ತಕ್ಕೆ ಮೂರನೆಯದೊಂದನ್ನು ಸೇರಿಸಿ ಕಂಪನಿಯ ಕಚೇರಿ ಲಾಂಛನ ಮಾಡಿಕೊಂಡಿತು. ನೋಡಿದವರೆಲ್ಲ ಮೂಗು ಮುರಿದರು. ಅದೃಷ್ಟಕ್ಕೆ ಜನರ ಕೈಯಲ್ಲಿದ್ದ ಕಾರ್ಡಿನ ಮೇಲೆ ಹಳೆಯ ಗುರುತೇ ಮುಂದುವರಿಯಿತು.

ಆಮೇಲೆ 2016. ಪೆಂಟಾಗ್ರಾಮ್ ಎಂಬ ಹೆಸರಾಂತ ವಿನ್ಯಾಸ ಸಂಸ್ಥೆಯ ಮೈಕೆಲ್ ಬೈರೂಟ್ ಮತ್ತು ಲ್ಯೂಕ್ ಹೇಮನ್ ಕೈಗೆ ಕೆಲಸ ಬಂತು. ಲೋಕಪ್ರಸಿದ್ಧ ಡಿಸೈನರುಗಳು, ಜಗತ್ತಿನ ದೊಡ್ಡ ಕಂಪನಿ. ಏನೋ ಹೊಸದನ್ನು ಬರೆದು ತಮ್ಮ ಹೆಸರು ಮೆರೆಸಬಹುದಿತ್ತು ತಾನೇ? ಅವರು ಮಾಡಿದ್ದೇನು ಗೊತ್ತೇ? ತೆಗೆದದ್ದು! ಬಾಚಣಿಗೆ ಗೆರೆ ತೆಗೆದರು, ಕೂಡುವ ಜಾಗಕ್ಕೆ ಒಂದೇ ಕಿತ್ತಳೆ ಬಣ್ಣ ತುಂಬಿದರು. ನೆರಳು ತೆಗೆದರು. ವೃತ್ತದ ಮೇಲೆ ಕೂತಿದ್ದ ಹೆಸರನ್ನು ಇಳಿಸಿ ಕೆಳಗೆ ಕೂರಿಸಿದರು, ಅದೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ. ಹೆಸರನ್ನು ಕೆಳಗಿಳಿಸಿದ್ದರಿಂದ ಮೂರು ವರ್ಷದ ನಂತರ ಅದನ್ನು ಕತ್ತರಿಸಿ ಹಾಕುವುದು ಸುಲಭವಾಯಿತು. ಆ ಕತ್ತರಿ ಹಾಕುವ ಮುಂಚೆ ಅವರು ಜನರನ್ನು ಕೇಳಿದರು. ನೂರಕ್ಕೆ 80ಕ್ಕೂ ಹೆಚ್ಚು ಜನ ಹೆಸರಿಲ್ಲದ ವೃತ್ತಗಳನ್ನು ನೋಡಿಯೇ ಕಂಪನಿಯನ್ನು ಗುರುತಿಸಿದರು ಎಂದು ಕಂಪನಿಯೇ ಹೇಳಿತು. ಆಮೇಲೆಯೇ ಕತ್ತರಿ. 1968ರಿಂದ 2019ಕ್ಕೆ ಎಷ್ಟಾಯಿತು? ಐವತ್ತೊಂದು ವರ್ಷ! ಅರ್ಧ ಶತಮಾನ ಒಂದೇ ಚಿತ್ರವನ್ನು ತೋರಿಸಿ ತೋರಿಸಿ, ಅಂಗಡಿ ಬಾಗಿಲಿನ ಸ್ಟಿಕ್ಕರಿನಲ್ಲಿ, ಹೋಟೆಲಿನ ಗಲ್ಲಾದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ ತೋರಿಸಿದ ಮೇಲೆ ಸಿಕ್ಕಿದ ಧೈರ್ಯ ಅದು.

ನಮ್ಮ ಮಿಷನ್ನಿನ ಕಡೆಯಿಂದ ನೋಡಿದರೆ ಈ ಕಥೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆ ಬಾಚಣಿಗೆ ಗೆರೆಯಂಥದ್ದನ್ನು ಚಿಕ್ಕದಾಗಿ ಅಚ್ಚು ಹಾಕಿದಿರೋ, ಗೆರೆಗೂ ಗೆರೆಗೂ ನಡುವೆ ಮಸಿ ತುಂಬಿ ಗೋಂದಿನ ಮುದ್ದೆಯಂತಾಗುತ್ತದೆ. ಇನ್ನು ಬಣ್ಣ. ನಾಲ್ಕು ಬಣ್ಣದ ಆಫ್‌ಸೆಟ್ ಮಿಷನ್ನಿನಲ್ಲಿ ಕೆಂಪು ಎಂಬ ಮಸಿಯೇ ಇಲ್ಲ. ಮೆಜೆಂತಾ ಮತ್ತು ಹಳದಿ ಒಂದರ ಮೇಲೊಂದು ಕೂತರೆ ಕೆಂಪು, ಮೆಜೆಂತಾ ಕಡಿಮೆಯಾದರೆ ಕಿತ್ತಳೆ. ಮಿಷನ್ ನಡೆಸುವವನು ಅರ್ಧ ಗಂಟೆ ಕಾಫಿಗೆ ಹೋದರೆ ಕೆಂಪು ಹೋಗಿ ಇಟ್ಟಿಗೆ ಬಣ್ಣವಾಗಿರುತ್ತದೆ. ಪ್ಲೇಟು ಕೂದಲೆಳೆಯಷ್ಟು ಸರಿದು ರಿಜಿಸ್ಟರ್ ತಪ್ಪಿದರೆ ಅಂಚಿನಲ್ಲಿ ಇನ್ನೊಂದು ಬಣ್ಣದ ಎಳೆ ಇಣುಕುತ್ತದೆ. ಅದಕ್ಕೇ ದೊಡ್ಡ ಕಂಪನಿಗಳು ಕೆಂಪು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಇಂಥ ನಂಬರಿನ ಕೆಂಪು, ಇಷ್ಟು ಜಾಗ ಸುತ್ತ ಖಾಲಿ ಬಿಡಬೇಕು, ಇದಕ್ಕಿಂತ ಚಿಕ್ಕದು ಮಾಡಕೂಡದು ಎಂದು ಪುಸ್ತಕವನ್ನೇ ಬರೆದು ಪ್ರೆಸ್ಸಿಗೆ ಕೊಡುತ್ತಾರೆ. ನಮ್ಮ ಹುಡುಗರು ಆ ಪುಸ್ತಕ ಕಂಡರೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಬೆಂಗಳೂರಿನಲ್ಲಿ ಅಚ್ಚಾದದ್ದೂ ಬ್ರೆಜಿಲ್‌ನಲ್ಲಿ ಅಚ್ಚಾದದ್ದೂ ಒಂದೇ ಆಗಿ ಕಂಡರೆ ತಾನೇ ಗುರುತು?

ಈಗ ಇದರ ಉಲ್ಟಾ ಕಥೆ ಕೇಳಿ. ಅದೂ ಅಮೆರಿಕದ್ದೇ. ಟ್ರಾಪಿಕಾನಾ ಎಂಬ ಕಿತ್ತಳೆ ರಸದ ಡಬ್ಬಿ. ಆಗ ಅದು ಪೆಪ್ಸಿಕೋ ಒಡೆತನದ್ದು. ಡಬ್ಬಿಯ ಮೇಲೆ ಒಂದು ಇಡೀ ಕಿತ್ತಳೆ ಹಣ್ಣು, ಅದರೊಳಗೆ ಚುಚ್ಚಿದ ಸ್ಟ್ರಾ. ಹಣ್ಣಿನಿಂದ ನೇರ ಬಾಯಿಗೆ ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಯಾರು ಬರೆದಾರು? ಆದರೂ 2009ರ ಜನವರಿಯಲ್ಲಿ ಪೀಟರ್ ಆರ್ನೆಲ್ ಎಂಬ ದೊಡ್ಡ ಜಾಹೀರಾತು ಮನುಷ್ಯನ ಕೈಯಲ್ಲಿ ಎಲ್ಲವನ್ನೂ ಬದಲಿಸಿದರು. ಹಣ್ಣು ಹೋಯಿತು, ಸ್ಟ್ರಾ ಹೋಯಿತು, ಲೋಟದಲ್ಲಿ ರಸ ಬಂತು. ಹೆಸರನ್ನು ಮಲಗಿಸಿದಂತೆ ಉದ್ದುದ್ದಕ್ಕೆ ತಿರುಗಿಸಿದರು. ನೋಡಲು ನೀಟಾಗಿಯೇ ಇತ್ತು, ನಾನು ಪಟ ನೋಡಿದ್ದೇನೆ. ಆದರೆ ಕೊಳ್ಳುವವರ ಕೈ ಡಬ್ಬಿಯತ್ತ ಹೋಗಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ ಮಾರಾಟ ನೂರಕ್ಕೆ 20ರಷ್ಟು ಕುಸಿಯಿತು. ಫೆಬ್ರವರಿ ಕೊನೆಯಲ್ಲಿ ಕಂಪನಿ ಹಳೆಯ ಹಣ್ಣನ್ನೂ ಸ್ಟ್ರಾವನ್ನೂ ವಾಪಸ್ ತರುತ್ತೇವೆ ಎಂದು ಸಾರಿತು.

ರಸ ಅದೇ, ಬೆಲೆ ಅದೇ, ಅಂಗಡಿ ಅದೇ. ಕೆಟ್ಟದ್ದೇನು? ಅಂಗಡಿಗೆ ಹೋದವರು ಡಬ್ಬಿಯ ಹೆಸರು ಓದುವುದಿಲ್ಲ ಗೆಳೆಯರೇ! ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತು ಕೇಳಿಸಿಕೊಳ್ಳಿ. ಟೋನ್ಡ್ ಹಾಲು ಕೊಡಿ ಎಂದು ಎಷ್ಟು ಜನ ಕೇಳುತ್ತಾರೆ? ಎರಡು ನೀಲಿ ಕೊಡಪ್ಪ ಎನ್ನುತ್ತಾರೆ. ನಂದಿನಿಯ ನೀಲಿ ಪ್ಯಾಕೆಟ್ಟು ನಮ್ಮ ಮನೆಯ ಅಜ್ಜಿಗೂ ಗೊತ್ತು, ಅಂಗಡಿಗೆ ಓಡುವ ಆರು ವರ್ಷದ ಮಗುವಿಗೂ ಗೊತ್ತು. ಕಣ್ಣು ಸೋಮಾರಿ. ಒಮ್ಮೆ ಒಂದು ಬಣ್ಣ, ಒಂದು ಆಕಾರ ಹಿಡಿದುಕೊಂಡರೆ ಮತ್ತೆ ಓದುವ ಕಷ್ಟಕ್ಕೆ ಹೋಗುವುದಿಲ್ಲ. ಅದು ಹಿಡಿದುಕೊಂಡದ್ದನ್ನೇ ನೀವು ಕಿತ್ತುಕೊಂಡರೆ ಗಿರಾಕಿಗೆ ಸಿಟ್ಟೂ ಬರುವುದಿಲ್ಲ, ನೀವು ಅವನಿಗೆ ಕಾಣಿಸುವುದೇ ಇಲ್ಲ. ಅದು ಸಿಟ್ಟಿಗಿಂತ ಕೆಟ್ಟದ್ದು.

ಸಿಟ್ಟು ಬಂದ ಉದಾಹರಣೆಯೂ ಇದೆ. ಗ್ಯಾಪ್ ಎಂಬ ಬಟ್ಟೆ ಕಂಪನಿ ಇಪ್ಪತ್ತು ವರ್ಷದ ತನ್ನ ನೀಲಿ ಚೌಕವನ್ನು 2010ರ ಅಕ್ಟೋಬರಿನಲ್ಲಿ ಸದ್ದಿಲ್ಲದೆ ಬದಲಿಸಿತು. ಜನ ಬೈದ ಬೈಗುಳಕ್ಕೆ ಸುಮಾರು ಒಂದು ವಾರದಲ್ಲೇ ಹಳೆಯದಕ್ಕೆ ಮರಳಿತು. ಅಷ್ಟೇ ಅದರ ಕಥೆ, ಹೆಚ್ಚು ಹೇಳುವಂಥದ್ದೇನಿಲ್ಲ.

ಹಾಗಾದರೆ ಲಾಂಛನ ಯಾರ ಆಸ್ತಿ? ಕಾಗದಪತ್ರದಲ್ಲಿ ಕಂಪನಿಯದು. ಆದರೆ ಅದರ ಬೆಲೆ ಇರುವುದು ನೋಡುವವರ ಕಣ್ಣಿನಲ್ಲಿ. ನೈಕಿ ಕಂಪನಿಯ ಆ ಗೀಟು ಎಲ್ಲರಿಗೂ ಗೊತ್ತಲ್ಲ? 1971ರಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಎಂಬ ಕಾಲೇಜು ಹುಡುಗಿ ಅದನ್ನು ಬರೆದುಕೊಟ್ಟಳು. ಅವಳಿಗೆ ಕೊಟ್ಟ ಹಣ 35 ಡಾಲರು! ಆ ಗೀಟಿನಲ್ಲಿ ಮಂತ್ರವಿರಲಿಲ್ಲ. ಕಾಲು ಶತಮಾನ ಅದನ್ನು ಶೂಗಳ ಮೇಲೆ ಹೊಲಿದು ತೋರಿಸಿದ್ದೇ ಮಂತ್ರ. 1995ರ ಹೊತ್ತಿಗೆ ಅವರೂ ಗೀಟಿನ ಪಕ್ಕದಿಂದ ಹೆಸರು ತೆಗೆದರು. (ಆ ಹುಡುಗಿಗೆ ಮುಂದೆ 1983ರಲ್ಲಿ ಕಂಪನಿ ಷೇರು ಕೊಟ್ಟು ಗೌರವಿಸಿತು. ನಮ್ಮ ಕಡೆ ಹಾಗೆ ನೆನಪಿಟ್ಟುಕೊಳ್ಳುವ ಗಿರಾಕಿ ಸಿಕ್ಕರೆ ನನಗೂ ತಿಳಿಸಿ.)

ನಮ್ಮ ನಾಡಿನಲ್ಲೇ ನೋಡಿ. ಮೈಸೂರು ಸ್ಯಾಂಡಲ್ ಸೋಪಿನ ಪೊಟ್ಟಣದ ಮೇಲೆ ಸಿಂಹದ ಮೈ, ಆನೆಯ ತಲೆ ಇರುವ ಶರಭ. ಸೋಪಿನ ಕಾರ್ಖಾನೆ 1918ರಲ್ಲಿ ಶುರುವಾದದ್ದು. ಅದನ್ನು ರೂಪಿಸಿದ ವಿಜ್ಞಾನಿ ಎಸ್.ಜಿ. ಶಾಸ್ತ್ರಿಯವರು ಆ ಮೊಟ್ಟೆಯಾಕಾರದ ಸೋಪನ್ನು ಒಡವೆಯ ಪೆಟ್ಟಿಗೆಯಂಥ ಡಬ್ಬಿಯಲ್ಲಿ ಇಟ್ಟರು. ನೂರು ವರ್ಷ ದಾಟಿದರೂ ಹೊರನಾಡಿನ ಕನ್ನಡಿಗ ಯಾವುದೋ ಅಂಗಡಿಯಲ್ಲಿ ಅದನ್ನು ಕಂಡರೆ ಮೂಗಿಗೆ ವಾಸನೆ ಬರುವ ಮೊದಲೇ ಊರು ನೆನಪಾಗುತ್ತದೆ. ಇನ್ನೊಂದು, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತು, ಬೋರ್ಡುಗಳು ಇಳಿದವು. ಆದರೆ ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಇವತ್ತಿಗೂ ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಬಿಡಿ ಎಂದೇ ಆಟೋದವರಿಗೆ ಹೇಳುತ್ತೇವೆ. ಬೋರ್ಡು ಇಳಿಸಬಹುದು, ನಾಲಿಗೆಯಿಂದ ಇಳಿಸಲಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ನಿಮ್ಮ ಹತ್ತಿರ ಮಾತಾಡಲೇಬೇಕಾದ ವಿಷಯಕ್ಕೆ ಬರುತ್ತೇನೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಯಿತು. ಅಂಗಡಿ, ಕಂಪನಿಗಳ ನಾಮಫಲಕದಲ್ಲಿ ನೂರಕ್ಕೆ 60ರಷ್ಟು ಕನ್ನಡ ಇರಬೇಕು ಎಂದಾಯಿತು. ಆ ತಿಂಗಳುಗಳಲ್ಲಿ ಫ್ಲೆಕ್ಸ್ ಅಂಗಡಿಗಳಿಗೆ ಹಬ್ಬವೋ ಹಬ್ಬ. ಬೋರ್ಡುಗಳು ಬದಲಾದವು, ಸಂತೋಷ. ಆದರೆ ಆ ಬೋರ್ಡುಗಳ ಕೆಳಗೆ ನಿಂತು ಒಮ್ಮೆ ಕತ್ತೆತ್ತಿ ನೋಡಿದ್ದೀರಾ? ಇಂಗ್ಲಿಷ್ ಹೆಸರು ಎಲ್ಲ ಶಾಖೆಯಲ್ಲೂ ಒಂದೇ ರೂಪ. ಅದನ್ನು ಯಾವನೋ ಪರಿಣತ ತಿಂಗಳುಗಟ್ಟಲೆ ಕೂತು ಬರೆದಿದ್ದಾನೆ. ಪಕ್ಕದ ಕನ್ನಡ ಹೆಸರು? ಜಯನಗರದಲ್ಲಿ ಒಂದು ಮುಖ, ಮಲ್ಲೇಶ್ವರದಲ್ಲಿ ಇನ್ನೊಂದು ಮುಖ, ಹುಬ್ಬಳ್ಳಿಯಲ್ಲಿ ಮತ್ತೊಂದು. ಫ್ಲೆಕ್ಸ್ ಅಂಗಡಿಯ ಹುಡುಗ ಆ ದಿನ ಕಂಪ್ಯೂಟರಿನಲ್ಲಿ ಯಾವ ಫಾಂಟು ತೆರೆದಿತ್ತೋ ಅದರಲ್ಲಿ ಎರಡು ನಿಮಿಷಕ್ಕೆ ಒತ್ತಿ ಕೊಟ್ಟದ್ದು. 60 ತುಂಬಬೇಕಲ್ಲ ಎಂದು ಅಕ್ಷರವನ್ನು ಹಿಡಿದು ಅಡ್ಡಡ್ಡಕ್ಕೆ ಎಳೆದದ್ದು. ತಲೆಕಟ್ಟು ಚಪ್ಪಡಿಯಾಗಿ, ಹೊಟ್ಟೆ ಊದಿಕೊಂಡು, ಒತ್ತಕ್ಷರ ಕೆಳಗಿನ ಚೌಕಟ್ಟಿಗೆ ತಾಗಿ ಅರ್ಧ ಕತ್ತರಿಸಿಹೋಗಿರುತ್ತದೆ. ಎಷ್ಟೋ ಕಡೆ ಒತ್ತೇ ತಪ್ಪು!

ಬೋರ್ಡು ಕನ್ನಡವಾಯಿತು. ಗುರುತು ಕನ್ನಡವಾಯಿತೇ?

ಆಗಲಿಲ್ಲ. ಏಕೆಂದರೆ ಗುರುತು ಹುಟ್ಟುವುದು ಒಂದೇ ರೂಪ ಮತ್ತೆ ಮತ್ತೆ ಕಂಡಾಗ. ಹತ್ತು ಶಾಖೆಗೆ ಹತ್ತು ಕನ್ನಡ ಮುಖವಿದ್ದರೆ ನಮ್ಮ ಸೋಮಾರಿ ಕಣ್ಣು ಏನು ಮಾಡುತ್ತದೆ? ಬದಲಾಗದೆ ನಿಂತ ಇಂಗ್ಲಿಷಿನ ಕಡೆ ಹೋಗುತ್ತದೆ. ಕನ್ನಡ ಬಲ್ಲವನ ಕಣ್ಣೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಆಮೇಲೆ ಅದೇ ಕಂಪನಿಯವನು ಬಂದು ಹೇಳುತ್ತಾನೆ: ನೋಡಿ ಸಾರ್, ನಿಮ್ಮ ಜನವೇ ಇಂಗ್ಲಿಷ್ ನೋಡಿ ಗುರುತಿಸುತ್ತಾರೆ, ಕನ್ನಡ ಬರೀ ಕಾನೂನಿಗೆ. ಸ್ವಾಮಿ, ನೀವು ಕನ್ನಡಕ್ಕೆ ಒಂದು ಮುಖ ಕೊಟ್ಟಿದ್ದರೆ ತಾನೇ ಜನ ಗುರುತಿಸುವುದು?

ಕನ್ನಡ ಲಿಪಿಯಲ್ಲಿ ಆಗುವುದಿಲ್ಲ ಎನ್ನುವವರಿಗೆ ಉತ್ತರ ನಮ್ಮ ಪೇಪರ್ ಸ್ಟಾಲಿನಲ್ಲೇ ಇದೆ. ಪ್ರಜಾವಾಣಿ, ಸುಧಾ, ತರಂಗ, ಇವುಗಳನ್ನು ನೀವು ರಸ್ತೆಯ ಆಚೆ ಬದಿಯಿಂದ ಓದಿ ತಿಳಿಯುತ್ತೀರೋ, ತಲೆಬರಹದ ಮೈಕಟ್ಟು ನೋಡಿ ತಿಳಿಯುತ್ತೀರೋ? ಸಿನಿಮಾ ಪೋಸ್ಟರು ನೋಡಿ. ಪ್ರತಿ ಚಿತ್ರದ ಹೆಸರನ್ನೂ ಕೂತು ಬರೆಯುತ್ತಾರೆ, ಫಾಂಟಿನಲ್ಲಿ ಒತ್ತಿ ಕಳಿಸುವುದಿಲ್ಲ. ಸಿನಿಮಾ ಎರಡು ವಾರ ಓಡುತ್ತದೋ ಇಲ್ಲವೋ, ಅದಕ್ಕೇ ಅಷ್ಟು ಶ್ರಮ. ಐವತ್ತು ವರ್ಷ ಬಾಳಬೇಕಾದ ಅಂಗಡಿಯ ಹೆಸರಿಗೆ ಎರಡು ನಿಮಿಷ!

ಬರೆಯಲು ಕೂತವರಿಗೆ ಕನ್ನಡ ಬೇರೆಯದೇ ಲೆಕ್ಕ ಹಾಕಿಸುತ್ತದೆ, ಅದು ನಿಜ. ಮಾಸ್ಟರ್‌ಕಾರ್ಡಿನವರು 2016ರಲ್ಲಿ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರಕ್ಕೆ ಇಳಿದದ್ದು ದೊಡ್ಡ ಸುದ್ದಿಯಾಯಿತು. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬುದೇ ಇಲ್ಲ, ಆ ಆಟ ನಡೆಯುವುದಿಲ್ಲ. ನಮ್ಮಲ್ಲಿ ಒತ್ತಿದೆ, ಕೊಂಬಿದೆ, ಅರ್ಕಾವತ್ತಿದೆ. ಅದೇ ಹೆಸರನ್ನು ಕನ್ನಡದಲ್ಲಿ ಬರೆಯಿರಿ: ಸಕಾರದ ಕೆಳಗೆ ಟ ಒತ್ತು ಇಳಿಯುತ್ತದೆ, ಕಾರ್ಡಿನ ಡಕಾರದ ಪಕ್ಕ ಅರ್ಕಾವತ್ತು ನಿಲ್ಲುತ್ತದೆ. ಇಂಗ್ಲಿಷಿನಂತೆ ಒಂದು ಪಟ್ಟಿಯೊಳಗೆ ಕೂರುವುದಿಲ್ಲ, ಕೆಳಗೆ ಜಾಗ ಬೇಡುತ್ತದೆ. ಜಾಗ ಕೊಡಿ! ಇನ್ನೊಂದು ನೋಡಿ. ಆ ಡಿಸೈನರುಗಳು ವೃತ್ತಗಳಿಗೆ ಒಪ್ಪಲಿ ಎಂದು ಹುಡುಕಿ ಹುಡುಕಿ ದುಂಡನೆಯ ಇಂಗ್ಲಿಷ್ ಅಕ್ಷರ ಆರಿಸಿದರು. ನಮ್ಮ ಅಕ್ಷರ ಹುಟ್ಟಿದ್ದೇ ದುಂಡಗೆ. ಎರಡು ವೃತ್ತದ ಕೆಳಗೆ ಕನ್ನಡ ಕೂತಷ್ಟು ಅಂದವಾಗಿ ಇಂಗ್ಲಿಷ್ ಕೂರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾರಾದರೂ ಬರೆದು ನೋಡಿ.

ಕಂಪನಿಗಳಿಗೆ ಬೈದದ್ದಾಯಿತು, ಈಗ ನಿಮ್ಮ ಸರದಿ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಕೆಲಸಕ್ಕೆ ಸಂಘದ ಹುಡುಗರು ಪ್ರೆಸ್ಸಿಗೆ ಬರುತ್ತಾರೆ.

“ಅಣ್ಣಾ, ಈ ಸಲ ಹೊಸ ಲೋಗೋ ಬೇಕು.”

“ಹಳೇದಕ್ಕೆ ಏನಾಯ್ತಪ್ಪ?”

“ಬೋರಾಯ್ತಣ್ಣ.”

“ಯಾರಿಗೆ ಬೋರಾಯ್ತು?”

ಉತ್ತರವಿಲ್ಲ. ನಿಮಗೆ ಬೇಸರವಾಗಿರುತ್ತದೆ, ನಿಜ. ನೀವು ಅದನ್ನು ಲೆಟರ್‌ಹೆಡ್ಡಿನಲ್ಲಿ, ಟೀ ಶರ್ಟಿನಲ್ಲಿ, ಫೋನಿನಲ್ಲಿ ದಿನಕ್ಕೆ ನಲವತ್ತು ಸಲ ನೋಡುತ್ತೀರಿ. ಆದರೆ ನಿಮ್ಮ ಬೀದಿಯ ಜನ ವರ್ಷಕ್ಕೆ ಒಮ್ಮೆ, ಮೆರವಣಿಗೆಯ ದಿನ ನೋಡುತ್ತಾರೆ. ನಿಮಗೆ ಸಾಕಾಗುವ ಹೊತ್ತಿಗೆ ಅವರ ಕಣ್ಣಿಗೆ ಅದು ಆಗಷ್ಟೇ ಬೀಳತೊಡಗಿರುತ್ತದೆ. ಆಗ ನೀವು ಬದಲಿಸುತ್ತೀರಿ! ಒಂದು ವರ್ಷ ಸಿಂಹ, ಮರುವರ್ಷ ಗಂಡಭೇರುಂಡ, ಆಮೇಲೆ ಮುಷ್ಟಿ, ಆಮೇಲೆ ನಕ್ಷೆಯೊಳಗೆ ಮುಷ್ಟಿ. ಪ್ರತಿ ಸಲವೂ ನನಗೆ ಡಿಸೈನ್ ಚಾರ್ಜು ಬರುತ್ತದೆ, ನನಗೇನು ನಷ್ಟವಿಲ್ಲ. ಆದರೆ ಐದು ವರ್ಷದಲ್ಲಿ ಐದು ಲಾಂಛನ ಮಾಡಿಸಿದ ಸಂಘ ಯಾವುದು ಎಂದು ಯಾರಿಗೂ ನೆನಪಿಲ್ಲ. ಹಳದಿ ಕೆಂಪು ಇದ್ದರೆ ಸಾಕು, ಎಲ್ಲ ಸಂಘವೂ ಒಂದೇ ಎನ್ನುತ್ತಾರೆ ಜನ.

ಹಳೆಯದನ್ನು ಮುಟ್ಟಲೇಬಾರದು ಎಂದಲ್ಲ. ಮಸಿ ತುಂಬಿಕೊಳ್ಳುವ ಗೆರೆ ಇದ್ದರೆ ತೆಗೆಯಿರಿ. ಮೂರು ನೆರಳಿದ್ದರೆ ಮೂರನ್ನೂ ತೆಗೆಯಿರಿ. ಬದಲಿಸುವ ಮುಂಚೆ ಒಂದು ಕೆಲಸ ಮಾಡಿ. ಬೀದಿಯಲ್ಲಿ ಇಪ್ಪತ್ತು ಜನರ ಕೈಗೆ ಖಾಲಿ ಕಾಗದ ಕೊಟ್ಟು, ನಮ್ಮ ಸಂಘದ ಗುರುತು ನೆನಪಿನಿಂದ ಬರೆಯಿರಿ ಎನ್ನಿ. ಹೆಚ್ಚು ಜನ ಬರೆದದ್ದು ಯಾವುದೋ ಅದನ್ನು ಮುಟ್ಟಬೇಡಿ. ಯಾರೂ ಬರೆಯದೇ ಬಿಟ್ಟದ್ದು ಯಾವುದೋ ಅದಕ್ಕೆ ಕತ್ತರಿ ಹಾಕಿ. ಹೊಸದನ್ನು ಮೊದಲು ಒಂದೇ ಬಣ್ಣದಲ್ಲಿ, ರಬ್ಬರ್ ಸ್ಟ್ಯಾಂಪಿನ ಅಳತೆಯಲ್ಲಿ ಅಚ್ಚು ಹಾಕಿಸಿ ನೋಡಿ. ಅಲ್ಲಿ ಗೊತ್ತಾಗದಿದ್ದರೆ ಫೋನಿನ ಪರದೆಯ ಆ ಉಗುರಿನಗಲದಲ್ಲೂ ಗೊತ್ತಾಗುವುದಿಲ್ಲ.

ನಿಮ್ಮಲ್ಲಿ ಡಿಸೈನ್ ಕೆಲಸ ಮಾಡುವವರು ಇದ್ದೀರಿ, ಕಂಪನಿಗಳ ಮಾರ್ಕೆಟಿಂಗ್ ವಿಭಾಗದಲ್ಲಿ ಇರುವವರೂ ಇದ್ದೀರಿ. ನಿಮ್ಮ ಕಂಪನಿಯ ಆ ದಪ್ಪ ನಿಯಮದ ಪುಸ್ತಕದಲ್ಲಿ ಕನ್ನಡ ಹೆಸರಿಗೆ ಒಂದು ಪುಟ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ, ಬರೆಯಿಸಿ. ಕನ್ನಡ ಹೆಸರನ್ನು ಕನ್ನಡ ಬಲ್ಲವನ ಕೈಯಲ್ಲಿ ಒಮ್ಮೆ ಸರಿಯಾಗಿ ಬರೆಸಿದರೆ ಮತ್ತೆ ಖರ್ಚಿಲ್ಲ. ನಿಮ್ಮ ಅಪ್ಪನ ಅಂಗಡಿಯೋ ಮಾವನ ಹೋಟೆಲೋ ಇದ್ದರೆ ಅದರಿಂದಲೇ ಶುರು ಮಾಡಿ. ಬೋರ್ಡು, ಬಿಲ್ಲು, ಪಾರ್ಸೆಲ್ ಚೀಲ, ಮೂರರಲ್ಲೂ ಅದೇ ಅಕ್ಷರ, ಅದೇ ಬಣ್ಣ. ಬರೆಸಿದ ಮೇಲೆ ಕೋರೆಲ್‌ನಲ್ಲಿ ಅಕ್ಷರವನ್ನು ಕರ್ವ್ ಮಾಡಿ ಉಳಿಸಿ. ಇಲ್ಲದಿದ್ದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದಾಗ ಫಾಂಟು ಹಾರಿ ಹೆಸರು ಚಿತ್ರಾನ್ನವಾಗಿರುತ್ತದೆ. ಬಣ್ಣದ ನಂಬರನ್ನು ಅದೇ ಫೈಲಿನ ಮೂಲೆಯಲ್ಲಿ ಬರೆದಿಡಿ. ಒಂದು ಪ್ರತಿ ಬೋರ್ಡಿನವನಿಗೆ, ಒಂದು ಪ್ರೆಸ್ಸಿನವನಿಗೆ, ಒಂದು ನಿಮ್ಮ ಹತ್ತಿರವೇ ಇರಲಿ.